ಹಿತ್ತಲ ದವಾಖಾನೆ

ಹುಮನಾಬಾದಿನ ಮನೆಯೊಂದರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಉಳಿದವರು ಸುತ್ತ ಕೂತು ಮೊದಲು ತೀರ್ಮಾನಿಸುವುದು ದಿಕ್ಕನ್ನು. ಬ್ಯಾನಿ ಯಾವುದು ಎಂಬುದು ಆಮೇಲಿನ ಮಾತು. ಊರು ಇರುವ ಜಾಗವೇ ಹಾಗಿದೆ. ಪುಣೆಯಿಂದ ಹೊರಟು ಸೋಲಾಪುರ, ಉಮರ್ಗಾ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿ ಇಲ್ಲೇ ಹಾದುಹೋಗುತ್ತದೆ. ಬೀದರಿನಿಂದ ಕಲಬುರಗಿಗೆ ಇಳಿಯುವ ರಸ್ತೆ ಅದನ್ನು ಇಲ್ಲೇ ಸಂಧಿಸುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ತೆರೆಯಿತು. ಪೂರ್ವಕ್ಕೆ ಹೈದರಾಬಾದು, ಪಶ್ಚಿಮಕ್ಕೆ ಸೋಲಾಪುರ, ದಕ್ಷಿಣಕ್ಕೆ ಕಲಬುರಗಿ, ಈಶಾನ್ಯಕ್ಕೆ ಬೀದರು. ಬಸವಕಲ್ಯಾಣದವರದ್ದೂ ಇದೇ ಕತೆ. ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿಯ ಅಂಚಿಗೆ ನಿಂತರೆ ಎಡಕ್ಕೊ ಬಲಕ್ಕೊ ಎಂಬುದೊಂದೇ ಪ್ರಶ್ನೆ.

ಒಂದೊಂದು ಮನೆಗೆ ಒಂದೊಂದು ಪಟ್ಟಿ. ಎಲುಬು ಮುರಿದರೆ ಸೋಲಾಪುರ ಎನ್ನುವ ಮನೆಯುಂಟು. ಮೂತ್ರಪಿಂಡ, ಕ್ಯಾನ್ಸರ್ ಎಂದರೆ ಹೈದರಾಬಾದ್ ಬಿಟ್ಟು ಮಾತೇ ಇಲ್ಲ ಎನ್ನುವ ಮನೆಯುಂಟು. ಕಣ್ಣಿಗೆ ಒಂದೂರು, ಹೆರಿಗೆಗೆ ಇನ್ನೊಂದೂರು. ಈ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಮದುವೆಯ ಪಂಕ್ತಿಯಲ್ಲಿ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಬೀಗರ ಫೋನಿನಲ್ಲಿ ಅದು ತಾನಾಗಿ ತಯಾರಾಗುತ್ತದೆ. ಅವರ ಮಾವನಿಗೆ ಅಲ್ಲಿ ಆರಾಮಾಯಿತು, ಇವರ ಅತ್ತಿಗೆಗೆ ಇಲ್ಲಿ ಕೆಟ್ಟಿತು ಎಂಬ ಎರಡು ಸಂಗತಿ ಸಾಕು, ಒಂದು ತಲೆಮಾರಿನ ಹಾದಿ ಗಟ್ಟಿಯಾಗುತ್ತದೆ.

ಬೆಳಗಿನ ಜಾವ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಂತರೆ ಇಂಥ ಕುಟುಂಬಗಳು ಕಾಣುತ್ತವೆ. ಒಮ್ಮೆ ಮುದುಕರೊಬ್ಬರನ್ನು ಕಲ್ಲುಬೆಂಚಿನ ಮೇಲೆ ಮಲಗಿಸಿಕೊಂಡು ಕೂತಿದ್ದ ಹೆಣ್ಣುಮಗಳನ್ನು ಮಾತಾಡಿಸಿದೆ.

“ಎಲ್ಲಿಗಿ ಹೊಂಟೀರಿ ತಂಗಿ?”

“ಹೈದ್ರಾಬಾದಕ್ಕರೀ ಕಾಕಾ. ನಮ್ಮ ಮಾವನೋರಿಗಿ ಹೊಟ್ಟಿಬ್ಯಾನಿ ಭಾಳ ಆಗ್ಲತ್ತದ.”

“ಇಲ್ಲಿ ದವಾಖಾನ್ಯಾಗ ತೋರ್ಸೀರೇನು?”

“ಇಲ್ಲೇನ್ ನೋಡ್ತಾರ್ರಿ? ನೋಡಿದಂಗ ಮಾಡಿ ಬೀದರಕ್ಕ ಒಯ್ರಿ ಅಂತಾರ. ಬೀದರದಾಗ ಮತ್ತ ಹೈದ್ರಾಬಾದಕ್ಕ ಒಯ್ರಿ ಅಂತಾರ. ಅದ್ಕೇ ಸೀದಾ ಹೊಂಟೀವಿ.”

ಆಕೆಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕೈಚೀಲ. ಸೀರೆ ಅಂಗಡಿಯದು, ಹಿಡಿಕೆ ಹರಿದು ಗಂಟು ಹಾಕಿದ್ದು. ಅದರೊಳಗೆ ಮಡಚಿ ಮಡಚಿ ಮೂಲೆ ಮುರಿದ ಎಕ್ಸ್‌ರೇ ಲಕೋಟೆ, ನಾಲ್ಕಾರು ಡಾಕ್ಟರರ ಚೀಟಿ, ಅಕ್ಷರ ಮಾಸಿಹೋದ ಸ್ಕ್ಯಾನಿಂಗ್ ವರದಿ, ಅರ್ಧ ನುಂಗಿ ಬಿಟ್ಟ ಗುಳಿಗೆಯ ಹಾಳೆ, ಔಷಧ ಅಂಗಡಿಯ ಬಿಲ್ಲುಗಳು. ಬಿಲ್ಲು ಯಾಕಿಟ್ಟಿದ್ದೀರಿ ಎಂದು ಕೇಳಬಾರದು. ಯಾವ ಕಾಗದ ಬೇಕು, ಯಾವುದು ಬೇಡ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅದಕ್ಕೇ ಎಲ್ಲವನ್ನೂ ಕಾಪಾಡಿದ್ದಾರೆ. ಆ ಚೀಲದಲ್ಲಿ ಒಬ್ಬ ಮನುಷ್ಯನ ಹತ್ತು ವರ್ಷದ ಆರೋಗ್ಯವಿದೆ, ಆದರೆ ಅದನ್ನು ಆತನಿಗೆ ಓದಿ ಹೇಳಿದವರು ಒಬ್ಬರೂ ಇಲ್ಲ. ನೂರೈವತ್ತು ಕಿಲೋಮೀಟರಿನ ಆಸುಪಾಸು ಬಸ್ಸಿನಲ್ಲಿ ಹೋಗಿ ಹೊಸ ಡಾಕ್ಟರರ ಮುಂದೆ ಅದನ್ನು ಸುರಿದರೆ ಅವರು ನೋಡುವಷ್ಟು ವ್ಯವಧಾನವಿಲ್ಲದೆ ಹೊಸದಾಗಿ ಎಲ್ಲವನ್ನೂ ಬರೆದುಕೊಡುತ್ತಾರೆ. ಚೀಲ ಇನ್ನಷ್ಟು ಭಾರವಾಗುತ್ತದೆ.

ಜನರಿಗೆ ವೈದ್ಯಶಾಸ್ತ್ರದ ಮೇಲೆ ನಂಬಿಕೆ ಹೋಗಿದೆ ಎಂದು ಈಚೆಗೆ ಎಲ್ಲರೂ ಹೇಳುತ್ತಾರೆ. ನಮ್ಮ ಸೀಮೆಯನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಹೊಲ ಅಡವಿಟ್ಟು, ಕೊರಳಿನ ಸರ ಮಾರಿ, ರಾತ್ರಿ ಬಸ್ಸು ಹಿಡಿದು ಹೋಗುವವರಿಗೆ ಔಷಧದ ಮೇಲೆ ನಂಬಿಕೆಯಿಲ್ಲ ಎನ್ನುವುದು ಹೇಗೆ? ಅವರಿಗೆ ನಂಬಿಕೆ ಇಲ್ಲದಿರುವುದು ಹತ್ತಿರದ ದವಾಖಾನೆಯ ಮೇಲೆ. ಮನೆಯಿಂದ ಎಷ್ಟು ದೂರವೋ ಅಷ್ಟು ನಂಬಿಕೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಆಸ್ಪತ್ರೆಗೂ ಅಂಟಿಕೊಂಡಿದೆ. ವೈದ್ಯದ ಭವಿಷ್ಯದ ಬಗ್ಗೆ ಯಾರು ಏನೇ ಹೇಳಲಿ, ಈ ಎರಡು ತಾಲ್ಲೂಕುಗಳ ಮಟ್ಟಿಗೆ ಆ ಭವಿಷ್ಯ ನಿಂತಿರುವುದು ಈ ಒಂದು ಗಂಟಿನ ಮೇಲೆ.

ಹೈದರಾಬಾದಿನ ಹಾದಿ ನಿನ್ನೆ ಮೊನ್ನೆಯದಲ್ಲ. 1948ರವರೆಗೆ ನಾವು ನಿಜಾಮನ ಪ್ರಜೆಗಳು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಚೇರಿಗಳು ಬೆಂಗಳೂರಿಗೆ ತಿರುಗಿದವು, ಆದರೆ ರೋಗಿಯ ಕಾಲು ಹಳೆಯ ರಾಜಧಾನಿಯ ಕಡೆಗೇ ಉಳಿಯಿತು. ಆ ರಾಜಧಾನಿಗೆ ವೈದ್ಯದಲ್ಲಿ ದೊಡ್ಡ ಹೆಸರಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುತ್ತಿದ್ದ ಕ್ಲೋರೋಫಾರ್ಮಿನಿಂದ ಕೆಲವರು ಏಕೆ ಸಾಯುತ್ತಾರೆ ಎಂದು ತಿಳಿಯಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದದ್ದು ಹೈದರಾಬಾದಿನಲ್ಲಿ. ಎಡ್ವರ್ಡ್ ಲಾರಿ ಎಂಬ ಸರ್ಜನ್ ಮುಂದಾಳು, ಖರ್ಚು ನಿಜಾಮ ಮಹಬೂಬ್ ಅಲಿ ಖಾನರದ್ದು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ತನ್ನ ಕಡೆಯಿಂದ ಲಾಡರ್ ಬ್ರಂಟನ್ ಎಂಬ ವಿಜ್ಞಾನಿಯನ್ನು ಹಡಗು ಹತ್ತಿಸಿ ಕಳಿಸಿತು. ಆ ಕಾಲದಲ್ಲೇ ಅಲ್ಲಿ ಕಲಿತು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಎಂಬ ಹೆಣ್ಣುಮಗಳೂ ಇದ್ದರು. ಕ್ಲೋರೋಫಾರ್ಮ್ ಮೊದಲು ಉಸಿರನ್ನು ನಿಲ್ಲಿಸುತ್ತದೆ, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಆಯೋಗ ಹೇಳಿತು. ಅದು ತಪ್ಪೆಂದು ಮುಂದೆ ಗೊತ್ತಾಯಿತು; 1911ರಲ್ಲಿ ಲೆವಿ ಎಂಬ ವೈದ್ಯ ಹೃದಯದ ಬಡಿತವೇ ಕಂಪಿಸಿ ನಿಲ್ಲುತ್ತದೆಂದು ತೋರಿಸಿದ. ನಾನು ವೈದ್ಯಶಾಸ್ತ್ರವನ್ನು ನಂಬುವುದು ಈ ಗುಣಕ್ಕೇ. ಇಷ್ಟು ದೊಡ್ಡವರು, ಇಷ್ಟು ಹಣ ಸುರಿದು ಹೇಳಿದ ಮಾತನ್ನೂ ಅದು ಇಪ್ಪತ್ತು ವರ್ಷದ ನಂತರ ಎತ್ತಿ ಪಕ್ಕಕ್ಕಿಟ್ಟಿತು. ಹೇಳಿದ್ದನ್ನು ತಿದ್ದಿಕೊಳ್ಳುವವರ ಮಾತಿಗೆ ಬೆಲೆ ಜಾಸ್ತಿ.

ಹೈದರಾಬಾದಿನ ಮಾತು ಬಿಟ್ಟು ನಮ್ಮ ಊರುಗಳ ಕಡೆ ತಿರುಗೋಣ, ಇಲ್ಲಿಯೂ ಬರಿಗೈಯೇನಲ್ಲ. ಇಂದಿನ ಬಸವಕಲ್ಯಾಣ, ಅಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ‘ಗೋವೈದ್ಯ’ ಬರೆದ. ದನಕರುಗಳ ಬ್ಯಾನಿಗೆ ಔಷಧ ಹೇಳುವ ಗ್ರಂಥ, ಅದೂ ಕನ್ನಡದಲ್ಲಿ. ಅರಸನ ಮಗನೊಬ್ಬ ರೈತನ ಕೊಟ್ಟಿಗೆಯ ಕಷ್ಟವನ್ನು ರೈತನ ನುಡಿಯಲ್ಲಿ ಬರೆದನೆಂಬುದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ವೈದ್ಯದ ಸಂಗತಿ ಬರುತ್ತದೆ. ಮುಂದೆ ಬಸವಣ್ಣನ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬಾತನಿದ್ದ. ಕಾಯಕ ವೈದ್ಯ. ರೋಗ, ನಾಡಿ, ಪಥ್ಯಗಳ ಮಾತನ್ನೇ ಹಿಡಿದು ವಚನ ಕಟ್ಟಿದವನು. ಚಮ್ಮಾರ, ಅಂಬಿಗ, ಮಡಿವಾಳರ ಜೊತೆ ಒಂದೇ ನೆಲದ ಮೇಲೆ ಕೂರುವ ವೈದ್ಯನಿಗೆ ರೋಗಿ ತನ್ನ ಕಷ್ಟ ಹೇಳಿಕೊಳ್ಳಲು ಅಂಜಬೇಕಿರಲಿಲ್ಲ.

ಕಲ್ಯಾಣದ ನಂತರ ಬೀದರ್. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್, 1436ರಿಂದ 1458ರವರೆಗೆ ಆಳಿದವನು, ಬೀದರಿನಲ್ಲಿ ಒಂದು ದಾರುಲ್ ಶಿಫಾ ಕಟ್ಟಿಸಿದ, ಅಂದರೆ ದವಾಖಾನೆ. ಅದರ ಬಗ್ಗೆ ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಕೆಲವು ಹಳ್ಳಿಗಳ ಕಂದಾಯವನ್ನು ಅದಕ್ಕೆಂದೇ ಬಿಟ್ಟುಕೊಟ್ಟಿದ್ದ. ರೋಗಿಗಳಿಗೆ ಔಷಧ ಮಾತ್ರವಲ್ಲ, ಊಟವೂ ಅಲ್ಲೇ. ಹಕೀಮರನ್ನೂ ಹಿಂದೂ ವೈದ್ಯರನ್ನೂ ಜೊತೆಗೆ ನೇಮಿಸಿದ್ದ. ಆಗಿನ ಔಷಧ ಎಷ್ಟು ಗುಣಕಾರಿಯಾಗಿತ್ತೋ ಬಿಡಿ, ವ್ಯವಸ್ಥೆಯನ್ನು ನೋಡಿ. ಹಣ ಎಲ್ಲಿಂದ ಬರುತ್ತದೆಂದು ಗೊತ್ತಿದೆ. ರೋಗಿಗೆ ಪಥ್ಯದ ಊಟ ಸಿಗುತ್ತದೆ. ಯಾವ ದೇವರಿಗೆ ಕೈಮುಗಿಯುವವನಾದರೂ ತನ್ನವರೊಬ್ಬರು ಒಳಗಿದ್ದಾರೆ. ಐನೂರೈವತ್ತು ವರ್ಷಕ್ಕೂ ಹಿಂದಿನ ಈ ಮೂರು ಸಂಗತಿಗಳನ್ನು ಹಿಡಿದು ಇಂದಿನ ಯಾವ ಆಸ್ಪತ್ರೆಯನ್ನಾದರೂ ಪರೀಕ್ಷಿಸಬಹುದು.

ತನ್ನವರೊಬ್ಬರು ಒಳಗಿರುವುದು ಎಂದೆನಲ್ಲ, ಅದು ಜಾತಿ ಧರ್ಮದ ಮಾತಷ್ಟೇ ಅಲ್ಲ. ನಮ್ಮ ಜನ ಮಾಣಿಕನಗರದ ಗುಡಿಗೂ ಹೋಗುತ್ತಾರೆ, ಬಸವಕಲ್ಯಾಣದ ರಾಜಾ ಬಾಗ್‌ಸವಾರರ ದರ್ಗಾಕ್ಕೂ ಹೋಗುತ್ತಾರೆ, ಬರುವಾಗ ಔಷಧ ಅಂಗಡಿಯಲ್ಲಿ ಗುಳಿಗೆಯನ್ನೂ ತರುತ್ತಾರೆ. ಒಂದು ಇನ್ನೊಂದಕ್ಕೆ ಅಡ್ಡ ಬಂದದ್ದಿಲ್ಲ. ತಾಯಿತ ಕಟ್ಟಿದ ಮಗುವಿನ ಅದೇ ತೋಳಿಗೆ ಲಸಿಕೆ ಹಾಕಿಸಿದ ತಾಯಂದಿರನ್ನು ಎಷ್ಟು ಬೇಕಾದರೂ ತೋರಿಸಬಲ್ಲೆ. ಅವರ ಮನಸ್ಸು ಎರಡಕ್ಕೂ ಜಾಗ ಕೊಡುವಷ್ಟು ದೊಡ್ಡದು. ವಿಜ್ಞಾನಕ್ಕೆ ಜನರ ಮೂಢನಂಬಿಕೆಯೇ ಅಡ್ಡಿ ಎಂದು ಸುಲಭವಾಗಿ ಹೇಳುವವರು ಈ ತಾಯಂದಿರ ಜೊತೆ ಒಂದು ದಿನ ಕೂರಬೇಕು.

ತನ್ನವರೆಂದರೆ ತನಗೆ ತಿಳಿಯುವ ಹಾಗೆ ಹೇಳುವವರು. ಹಿಂದಿನ ಪುಟ್ಟ ಊರುಗಳ ದವಾಖಾನೆಯಲ್ಲಿ ಗುಲಾಬಿ ಬಣ್ಣದ ಔಷಧ ಕೊಡುತ್ತಿದ್ದರು. ಬಾಟ್ಲಿ ಮನೆಯಿಂದಲೇ ಒಯ್ಯಬೇಕು. ಕಂಪೌಂಡರು ಅದರಲ್ಲಿ ಔಷಧ ತುಂಬಿ, ಒಂದು ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಕತ್ತರಿಯಿಂದ ಅಂಚಿನಲ್ಲಿ ಕಚ್ಚು ಹಾಕಿ, ಬಿಡಿಸಿ ಬಾಟ್ಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಸಲದ ಔಷಧ. ಅಕ್ಷರ ಬಾರದ ಅಜ್ಜಿಯೂ ಬೆಳಕಿಗೆ ಹಿಡಿದು ನೋಡಿ, ಬೆಳಗಿನದು ಆಯಿತು, ಮಧ್ಯಾಹ್ನದ್ದು ಉಳಿಯಿತು ಎಂದು ಹೇಳುತ್ತಿದ್ದಳು. ಆ ಔಷಧದಲ್ಲಿ ಸತ್ವ ಎಷ್ಟಿತ್ತೋ, ಆ ಪಟ್ಟಿಯಲ್ಲಿ ಮರ್ಯಾದೆಯಿತ್ತು. ರೋಗಿಗೆ ತಿಳಿಯುವ ಹಾಗೆ ಹೇಳುವುದು ತನ್ನ ಕೆಲಸ ಎಂದು ಕಂಪೌಂಡರು ಒಪ್ಪಿಕೊಂಡಿದ್ದರು. ಈಗ ಹತ್ತು ಗುಳಿಗೆಯ ಹಾಳೆಗೆ ಬೆಳ್ಳಿಯ ಹೊಳಪಿದೆ, ಅದರ ಮೇಲಿನ ಅಕ್ಷರವನ್ನು ಪದವೀಧರನೂ ಓದಲಾರ.

ಹೇಳುವವರಿಲ್ಲದ ಕಡೆ ಜನ ಕಣ್ಣಿಗೆ ಕಾಣುವುದನ್ನು ನಂಬುತ್ತಾರೆ. ನಮ್ಮ ಕಡೆ ಕಣ್ಣಿಗೆ ಕಾಣುವ ಔಷಧ ಎಂದರೆ ಸಲೈನ್ ಬಾಟ್ಲಿ. ಗುಳಿಗೆ ಬರೆದುಕೊಟ್ಟ ಡಾಕ್ಟರನಿಗಿಂತ ಬಾಟ್ಲಿ ಏರಿಸಿದ ಡಾಕ್ಟರ್ ದೊಡ್ಡವನು. “ಒಂದ್ ಬಾಟ್ಲಿ ಹಚ್ಚ್ರಿ ಡಾಕ್ಟರ್ ಸಾಬ್, ಭಾಳ ಸುಸ್ತ್ ಆಗ್ಯಾದ” ಎಂದು ರೋಗಿಯೇ ಕೇಳುತ್ತಾನೆ. ಬೇಸಿಗೆಯ ವಾಂತಿಭೇದಿಗೆ ಬಾಯಿಂದ ಕುಡಿಯುವ ಉಪ್ಪು–ಸಕ್ಕರೆಯ ನೀರು ಸಾಕು ಎಂದರೆ ನಂಬುವುದಿಲ್ಲ. ಈ ನೀರಿಗೆ ಎಂಥ ಹಿನ್ನೆಲೆಯಿದೆ ಎಂದು ಯಾರಾದರೂ ಅವರಿಗೆ ಹೇಳಿದ್ದರೆ ನಂಬುತ್ತಿದ್ದರೇನೋ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಬಂಗಾಳದ ಬನಗಾಂವ್‌ಗೆ ಬಂದು ತುಂಬಿಕೊಂಡಾಗ ಕಾಲರಾ ಹಬ್ಬಿತು. ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾದ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ತಾಯಿ, ಅಕ್ಕ, ಗಂಡನ ಕೈಗೇ ಕೊಟ್ಟರು. ನೂರರಲ್ಲಿ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಔಷಧದ ಲೆಕ್ಕಾಚಾರ ಹಲವರು ಕೂಡಿ ಮಾಡಿದ್ದು. ಮಹಾಲನಬಿಸ್ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಬೇರೆ. ಅವರು ಆ ಕೆಸರಿನ ಬಿಡಾರದಲ್ಲಿ ಕೂತ ತಾಯಂದಿರನ್ನು ನಂಬಿದರು. ಜನ ವೈದ್ಯರನ್ನು ನಂಬುತ್ತಿಲ್ಲ ಎಂದು ಕೊರಗುವವರು, ವೈದ್ಯರು ಜನರನ್ನು ಎಷ್ಟು ನಂಬಿದ್ದಾರೆ ಎಂದೂ ಒಂದು ಸಲ ಕೇಳಿಕೊಳ್ಳಬೇಕು.

ಸಲೈನ್ ಬಾಟ್ಲಿಯ ಮೇಲೆ ಇಷ್ಟು ಭರವಸೆ ಇಟ್ಟಿದ್ದರಿಂದಲೇ 2024ರ ನವೆಂಬರ್ ನಮ್ಮ ಭಾಗಕ್ಕೆ ಅಷ್ಟು ಕಹಿಯಾಯಿತು. ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐವರು. ರಕ್ತನಾಳಕ್ಕೆ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿತ್ತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಬಳ್ಳಾರಿಯಲ್ಲಿ ಆದದ್ದರ ಪೆಟ್ಟು ಹುಮನಾಬಾದಿನಲ್ಲಿ ಬಸುರಿ ಮಗಳನ್ನು ಇಟ್ಟುಕೊಂಡ ತಾಯಿಗೂ ತಗುಲಿತು. ಆ ತಾಯಿಗೆ ಬೇಕಿದ್ದುದು ಮೇಲಿನವರ ಅಮಾನತಲ್ಲ. ನಮ್ಮ ಆಸ್ಪತ್ರೆಯಲ್ಲಿ ಈಗ ಯಾವ ಬಾಟ್ಲಿ ಇದೆ, ಅದನ್ನು ಯಾರು ಪರೀಕ್ಷೆ ಮಾಡಿದ್ದಾರೆ, ನನ್ನ ಮಗಳಿಗೆ ಅದನ್ನು ಹಚ್ಚಬಹುದೇ ಎಂದು ಕೇಳಿದರೆ ಎದುರಿಗೆ ಕೂತು ಉತ್ತರ ಹೇಳುವ ಒಬ್ಬರು ಬೇಕಿದ್ದರು. ತಪ್ಪು ಎಲ್ಲ ಕಡೆಯೂ ಆಗುತ್ತದೆ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲೂ ಆಗುತ್ತದೆ. ಆದ ಮೇಲೆ ಬಾಯಿ ಮುಚ್ಚಿಕೊಂಡರೆ ಮಾತ್ರ ಅದು ವಾಸಿಯಾಗದ ಗಾಯವಾಗುತ್ತದೆ.

ಕೋವಿಡ್ ಕಾಲವನ್ನು ನೆನೆಯದೆ ಈ ಮಾತು ಮುಂದಕ್ಕೆ ಹೋಗದು. ಭಾರತದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯದು, 2020ರ ಮಾರ್ಚ್ 10ರಂದು. ಎಪ್ಪತ್ತಾರು ವರ್ಷದ ಆ ಹಿರಿಯರನ್ನು ಮನೆಯವರು ಹೈದರಾಬಾದಿಗೆ ಒಯ್ದಿದ್ದರು. ಅಲ್ಲಿಂದ ವಾಪಸು ತರುವಾಗ ಪ್ರಾಣ ಹೋಯಿತು. ರೋಗ ಇಂಥದ್ದೆಂದು ಖಚಿತವಾದದ್ದು ಎರಡು ದಿನದ ಮೇಲೆ. ಮನೆಯವರನ್ನು ದೂರುವ ಹಾಗಿಲ್ಲ. ನಮ್ಮ ಭಾಗದ ಯಾವ ಮಗನಾದರೂ ತಂದೆಗೆ ಉಸಿರು ಕಟ್ಟಿದರೆ ಅದೇ ಹಾದಿ ಹಿಡಿಯುತ್ತಿದ್ದ. ದೇಶಕ್ಕೆ ಬಂದ ಹೊಸ ರೋಗ ಮೊದಲ ಬಲಿ ತೆಗೆದುಕೊಂಡದ್ದು ನಮ್ಮ ಆ ಹಳೆಯ ಹಾದಿಯ ಮೇಲೆ ಎಂಬುದನ್ನು ಮಾತ್ರ ನಾವು ಮರೆಯಬಾರದು.

ಬಸವಕಲ್ಯಾಣಕ್ಕೆ ಪೆಟ್ಟು ಇನ್ನೂ ಹತ್ತಿರದಿಂದ ಬಿತ್ತು. ಶಾಸಕ ಬಿ. ನಾರಾಯಣರಾವ್ ಅವರು 2020ರ ಸೆಪ್ಟೆಂಬರ್ 24ರಂದು ಕೋವಿಡ್‌ಗೆ ತುತ್ತಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದ ಹೊತ್ತಿನಲ್ಲಿ. ಮಾಸ್ಕ್ ಹಾಕಿರಿ, ಗುಂಪು ಸೇರಬೇಡಿರಿ ಎಂದು ಒಂದು ಧ್ವನಿವರ್ಧಕ ಹೇಳುತ್ತಿತ್ತು. ಇನ್ನೊಂದು ಧ್ವನಿವರ್ಧಕ ಸಭೆಗೆ ಬರಲು ಕರೆಯುತ್ತಿತ್ತು. ಎರಡನ್ನೂ ಒಂದೇ ಬೀದಿಯಲ್ಲಿ ಕೇಳಿದ ಮನುಷ್ಯ ಮೊದಲನೆಯ ಮಾತನ್ನು ಯಾಕೆ ನಂಬಬೇಕು? ಲಸಿಕೆಗೆ ಜನ ಹಿಂಜರಿದಾಗ ಪಟ್ಟಣದ ಮಂದಿ ಅವರನ್ನು ಅಜ್ಞಾನಿಗಳೆಂದರು. ನನಗಂತೂ ಅದು ಸಿಟ್ಟು ತರಿಸಿದ ಮಾತು. ಹೇಳುವವರ ಮಾತಿಗೂ ನಡತೆಗೂ ತಾಳೆಯಾಗದಿದ್ದರೆ ಕೇಳುವವರು ಅನುಮಾನಪಡುವುದು ಬುದ್ಧಿವಂತಿಕೆಯೇ. ಆ ಅನುಮಾನವನ್ನು ಕರಗಿಸಿದವರು ಆಶಾ ಕಾರ್ಯಕರ್ತೆಯರು. “ಅವ್ವಾ, ನಾನೂ ಹಾಕ್ಸ್ಕೊಂಡೀನಿ, ನೋಡ್ರಿ ನನಗೇನಾಗ್ಯಾದ?” ಎಂದು ತಮ್ಮ ತೋಳು ತೋರಿಸಿ ಬಾಗಿಲು ಬಾಗಿಲಿಗೆ ನಿಂತರು. ತಾನು ಮೊದಲು ಹಾಕಿಸಿಕೊಂಡು ಆಮೇಲೆ ಹೇಳಿದ ಮಾತು ಅದು, ಹೇಳಿದವಳು ಅದೇ ಓಣಿಯವಳು. ಅಷ್ಟು ಮಾಡಿದವರು ಹೊಟ್ಟೆಗೆ ಸಾಲುವ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು ಎಂಬುದು ನಮಗೆಲ್ಲ ನಾಚಿಕೆಯ ಸಂಗತಿ.

ಇಷ್ಟೆಲ್ಲ ಕಹಿಯ ನಡುವೆ ನಮ್ಮ ಭಾಗದಲ್ಲೇ ಆದ ಒಂದು ಒಳ್ಳೆಯ ಸಂಗತಿಯನ್ನು ನಾವೇ ಹೆಚ್ಚು ಹೇಳಿಕೊಂಡಿಲ್ಲ. 2010ರಲ್ಲಿ ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಆಗಿನ ಗುಲಬರ್ಗಾ ವಿಭಾಗದಲ್ಲಿ, ಅಂದರೆ ನಮ್ಮಲ್ಲಿ. ಹಳ್ಳಿಗಳ ಹತ್ತಿರ ಶಿಬಿರ ಮಾಡಿ, ರೋಗಿಗಳನ್ನು ಹುಡುಕಿ, ಆಸ್ಪತ್ರೆಗೆ ಕಳಿಸಿದರು. ಯೋಜನೆಯ ಗಡಿಯ ಈಚೆಗಿದ್ದ ಹಳ್ಳಿಗಳನ್ನೂ ಆಚೆಗಿದ್ದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಆ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆಯ ಬಡವರಲ್ಲಿ ಆ ಕಾಯಿಲೆಗಳಿಂದ ಆದ ಸಾವು, ಇಲ್ಲದ ಕಡೆಗಿಂತ ಶೇಕಡ 64ರಷ್ಟು ಕಡಿಮೆ. ಒಂದೇ ಬಿಸಿಲು, ಒಂದೇ ಜೋಳದ ರೊಟ್ಟಿ, ಒಂದೇ ಬಡತನ, ನಡುವೆ ಒಂದು ಆಡಳಿತದ ಗೆರೆ. ಆ ಗೆರೆಯ ಈಚೆಗಿದ್ದವರು ಹೆಚ್ಚು ಉಳಿದರು. ಈಗ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಅದರ ಬಾಗಿಲು ಇರುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿಂದ ಚೀಟಿ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ನಸುಕಿನ ಬಸ್ಸಿಗೆ ಸೀದಾ ಹೊರಟವರ ಕಿಸೆಯಲ್ಲಿ ಕಾರ್ಡು ಕಾರ್ಡಾಗಿಯೇ ಉಳಿಯುತ್ತದೆ, ಸರ ಮಾತ್ರ ಸಾಹುಕಾರನ ಅಂಗಡಿ ಸೇರುತ್ತದೆ.

ತಾಲ್ಲೂಕಿನ ವೈದ್ಯರ ಕಡೆಯಿಂದಲೂ ನೋಡಬೇಕು. ಬೆಳಗಿನಿಂದ ಕೊನೆಯಿಲ್ಲದ ಸಾಲು, ಒಬ್ಬೊಬ್ಬರಿಗೆ ಎರಡು ನಿಮಿಷ. ಪರಿಣತರ ಹುದ್ದೆ ತುಂಬಿದರೆ ಅರಿವಳಿಕೆಯವರಿಲ್ಲ, ಅವರಿದ್ದರೆ ಮಕ್ಕಳ ಡಾಕ್ಟರಿಲ್ಲ. ಗಂಭೀರ ರೋಗಿ ಬಂದಾಗ ಜೊತೆಗೆ ಇಪ್ಪತ್ತು ಜನ ಬರುತ್ತಾರೆ. ರೋಗಿ ಕೈಮೀರಿದರೆ ಕಿಟಕಿಯ ಗಾಜು ಪುಡಿ, ಕೆಲವೊಮ್ಮೆ ಕೊರಳಪಟ್ಟಿಗೆ ಕೈ. ವೈದ್ಯರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ, ಆದರೆ ಕಾಯ್ದೆ ಅಂಜಿಕೆಯನ್ನು ಹೋಗಲಾಡಿಸದು. ಹಾಗಾಗಿ ತಾವೇ ನೋಡಬಹುದಾದ ರೋಗಿಯನ್ನೂ ‘ಬೀದರಿಗೆ ಒಯ್ಯಿರಿ’ ಎಂದು ಬರೆದು ಕಳಿಸುತ್ತಾರೆ. ಕಳಿಸಿದ್ದನ್ನು ಕಂಡು ಜನ ಇಲ್ಲಿ ಏನೂ ಇಲ್ಲ ಎನ್ನುತ್ತಾರೆ. ಬರುವ ಜನ ಕಡಿಮೆಯಾದಷ್ಟೂ ಡಾಕ್ಟರರ ಕೈಪಳಗುವುದು ಕಡಿಮೆ. ಬಸ್ ನಿಲ್ದಾಣದ ಆ ಹೆಣ್ಣುಮಗಳ ಲೆಕ್ಕ ಹುಟ್ಟಿದ್ದು ಇಲ್ಲಿ. ಆಕೆಯದ್ದೂ ತಪ್ಪಲ್ಲ, ಬರೆದು ಕಳಿಸಿದವರದ್ದೂ ಪೂರ್ತಿ ತಪ್ಪಲ್ಲ.

ಈ ಸುತ್ತನ್ನು ಎಲ್ಲಾದರೂ ಕಡಿಯಲೇಬೇಕು. ಕಡಿಯಬಹುದು ಎಂಬ ಧೈರ್ಯ ನನಗೆ ಬಂದದ್ದು ಹೃದಯದ ವಿಷಯದಲ್ಲಿ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಗಳಿಗೆ ಹಂತಹಂತವಾಗಿ ಒಯ್ಯುತ್ತಿದೆ. ಎದೆನೋವೆಂದು ಬಂದವರಿಗೆ ಅಲ್ಲೇ ಇಸಿಜಿ ತೆಗೆಯುತ್ತಾರೆ. ಆ ಗೆರೆಗಳು ತಂತಿಯಿಲ್ಲದೆ ದೊಡ್ಡ ಹೃದಯ ಆಸ್ಪತ್ರೆಗೆ ಹೋಗುತ್ತವೆ. ಕೃತಕ ಬುದ್ಧಿಮತ್ತೆಯ ಯಂತ್ರ ಓದುತ್ತದೆ, ಹೃದ್ರೋಗ ತಜ್ಞರು ನೋಡುತ್ತಾರೆ, ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದು, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ, ಇಲ್ಲಿ ಉಚಿತ. ಆಮೇಲೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಕಲಬುರಗಿಯಲ್ಲೇ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ ತೆರೆದಿದೆ. ಹುಮನಾಬಾದಿನಿಂದ ಅದು ಗಂಟೆ–ಒಂದೂವರೆ ಗಂಟೆಯ ಹಾದಿ.

ದೂರವನ್ನು ನಂಬುವ ನಮ್ಮ ರೂಢಿಯನ್ನು ಹೃದಯ ಒಪ್ಪುವುದಿಲ್ಲ. ರಕ್ತನಾಳ ಕಟ್ಟಿದ ಗಳಿಗೆಯಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ಹೆಪ್ಪು ಕರಗಿದರೆ ಉಳಿಯುವುದು ಬಹಳ, ಆಮೇಲೆ ಗಳಿಗೆಗೊಂದಷ್ಟು ನಷ್ಟ. ಹೈದರಾಬಾದಿಗೆ ಮೂರು ಗಂಟೆ. ‘ಪಿತ್ತ ಆಗ್ಯಾದ’, ‘ವಾಯು ಹಿಡದಾದ’ ಎಂದು ಜೀರಿಗೆ ನೀರು ಕುಡಿಸಿ ಕಾಯ್ದ ಹೊತ್ತನ್ನೂ ಅದಕ್ಕೆ ಸೇರಿಸಿರಿ. ಮಧುಮೇಹ ಇದ್ದವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಏದುಸಿರು, ಸುಸ್ತಾಗಿಯೂ ಬರಬಹುದು. ವೈದ್ಯದ ಭವಿಷ್ಯ ಎಂದರೆ ಬೆಂಗಳೂರಿನಲ್ಲೊ ಅಮೆರಿಕದಲ್ಲೊ ಆಗುವುದು ಎಂದುಕೊಂಡಿದ್ದೆವು. ಅದು ಒಂದು ಇಸಿಜಿ ಪೆಟ್ಟಿಗೆಯ ರೂಪದಲ್ಲಿ ತಾಲ್ಲೂಕಿನ ಮೇಜಿನ ಮೇಲೆ ಬಂದು ಕೂರುತ್ತಿದೆ. ಅದರ ಮುಂದೆ ರೋಗಿಯೇ ಬಂದು ಮಲಗದಿದ್ದರೆ ಯಾವ ಯಂತ್ರ ಏನು ಓದೀತು?

ಯಂತ್ರದ ಪಕ್ಕ ಕೂರುವ ಮನುಷ್ಯ ಎಲ್ಲಿಂದ ಬರಬೇಕು ಎಂಬುದೂ ನಮ್ಮ ಜಿಲ್ಲೆಯಲ್ಲೇ ಕಾಣುತ್ತಿದೆ. ಬೀದರ್ ಈಗ ನೀಟ್ ಪರೀಕ್ಷೆಗೆ ಓದುವ ಮಕ್ಕಳ ಊರು. ಬೇರೆ ರಾಜ್ಯಗಳಿಂದಲೂ ಇಲ್ಲಿಗೆ ಬಂದು ಓದುತ್ತಾರೆ. 2007ರಿಂದ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸೀಟು ನಮ್ಮ ಮಕ್ಕಳಿಗೆ ಮೀಸಲಾಗಿವೆ. ಅದಕ್ಕಾಗಿ ಹೋರಾಡಿದವರು, ಮುಷ್ಕರ ಹೂಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಸೀಟಿನಲ್ಲಿ ಓದಿದ ಹುಡುಗ ಹುಡುಗಿಯರು ‘ಎದಿಯಾಗ ಚುಳುಕ್ ಅಂತದ’, ‘ಕಾಲ್ ಜೋಮ್ ಹಿಡಿತಾವ’ ಎಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವರು. ಅವರಿಗೆ ರೋಗಿಯ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪಕ್ಕೆ ಬಂದು ಐದು ವರ್ಷ ಒಂದೇ ಕುರ್ಚಿಯಲ್ಲಿ ಕೂತರೆ, ಪ್ಲಾಸ್ಟಿಕ್ ಚೀಲ ತೆಗೆದು ಕಾಗದ ಕಾಗದವನ್ನೂ ನೋಡಿ ‘ಇದು ಇಟ್ಕೋ ಕಾಕಾ, ಇದು ಬ್ಯಾಡ’ ಎಂದು ಹೇಳಿದರೆ, ಬಸ್ ನಿಲ್ದಾಣದ ನಸುಕಿನ ಗುಂಪು ತಾನೇ ಕರಗುತ್ತದೆ. ಬರಬೇಕೆಂದರೆ ಅವರಿಗೆ ಇರಲು ಮನೆ, ಮಕ್ಕಳಿಗೆ ಶಾಲೆ, ರಾತ್ರಿಪಾಳಿಗೆ ರಕ್ಷಣೆ, ಜೊತೆಗೆ ಕೆಲಸ ಮಾಡಲು ಪೂರಾ ತಂಡ ಕೊಡಬೇಕು. ಬರೀ ಸೇವೆಯ ಉಪದೇಶಕ್ಕೆ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ.

ಓದುಗರಲ್ಲಿ ಎರಡು ಕೋರಿಕೆ. ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆ, ಸಮುದಾಯ ಭವನದ ಜೊತೆಗೆ ಇದನ್ನೂ ಕೇಳಿರಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು, ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಫಿಜಿಷಿಯನ್ ನಾಲ್ಕೂ ಜನ ಇವತ್ತು ಇದ್ದಾರೆಯೇ? ಇಲ್ಲದಿದ್ದರೆ ಯಾವಾಗ ಬರುತ್ತಾರೆ? ಎರಡನೆಯದು ಮನೆಯ ಮಾತು. ಮನೆಯಲ್ಲಿ ಯಾರಿಗಾದರೂ ಎದೆ ಬಿಗಿಯಿತು, ಎಡಗೈಯೊ ದವಡೆಯೊ ಸೆಳೆಯಿತು, ಕಾರಣವಿಲ್ಲದೆ ತಣ್ಣನೆ ಬೆವರು ಬಂತು ಎಂದರೆ ಹೈದರಾಬಾದಿಗೆ ಗಾಡಿ ಗೊತ್ತು ಮಾಡುತ್ತ ಕೂರಬೇಡಿರಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ, ಮೊದಲು ಇಸಿಜಿ ತೆಗೆಸಿರಿ. ಮುಂದೆ ಯಾವ ಊರು ಎಂಬುದನ್ನು ಆ ಪಟ್ಟಿ ನೋಡಿದ ವೈದ್ಯರೇ ಹೇಳಲಿ.